ತಾಮ್ರದ ಮೋಹವೂ ಶಾರ್ಟ್‌ವೇವ್ ತಂತಿಯೂ

— ಶಾರ್ಟ್‌ವೇವ್ ರೇಡಿಯೋಕ್ಕ ಏರಿಯಲ್ ಕಟ್ಟೂದಿದ್ರ ತಾಮ್ರದ ತಂತೀನ ಬೇಕ್ರಿ ಮಾಸ್ತರ. ಇದ್ರಾಗ ವಿಚಾರ ಮಾಡೂದೇನೈತಿ? ಕರೆಂಟ್ ಹರಿಯೂದ್ರಾಗ ಬೆಳ್ಳಿ ಬಿಟ್ರ ತಾಮ್ರಾನ. ಮೋಟಾರ್ ರಿವೈಂಡಿಂಗ್ ಮಾಡಾವ್ರು ನಾವು, ದಿನಾ ಅದ್ರಾಗ ಕೈ ಇಟ್ಟವ್ರು. ಅಗ್ಗ ಆಕ್ಕೈತಿ ಅಂತ ಅಲ್ಯುಮಿನಿಯಂ ಸುತ್ತಿಸಿದ ಮೋಟಾರ್ ಎಷ್ಟು ಲಗೂ ಸುಡ್ತೈತಿ ಅನ್ನೂದನ್ನ ಗೋಕಾಕ, ಮೂಡಲಗಿ, ಹುಕ್ಕೇರಿ ಕಡಿ ಯಾವ ರೈತರನ್ನ ಕೇಳಿದ್ರೂ ಹೇಳ್ತಾರ. ನೀವು ನೋಡಿದ್ರ ಯಾವ ತಂತಿ ಆದ್ರೂ ನಡೀತೈತಿ ಅಂತೀರಿ.

— ಯಾವುದಾದರೂ ನಡೆದೀತು ಅಂತ ನಾನು ಅನ್ನಲಿಲ್ಲ ತಮ್ಮಾ. ಲೋಹ ಯಾವುದೆಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ ಅಂದೆ. ನೀನು ಅದನ್ನೇ ಮೊದಲು ಕೇಳುತ್ತೀ, ನಿನ್ನ ಕಸುಬು ಹಾಗೆ ಕಲಿಸಿದೆ. ಐದು ಎಚ್‌ಪಿಯ ತ್ರೀ ಫೇಸ್ ಪಂಪ್‌ಸೆಟ್ ಓಡುವಾಗ ಒಂದೊಂದು ಫೇಸಿನಲ್ಲೂ ಏಳೆಂಟು ಆಂಪಿಯರ್ ಹರಿಯುತ್ತದೆ. ಅಷ್ಟು ಹರಿಯುವ ಕಡೆ ತಂತಿಯ ರೋಧ ತುಸು ಹೆಚ್ಚಾದರೂ ಶಾಖವಾಗುತ್ತದೆ, ವಾರ್ನಿಶ್ ಸುಡುತ್ತದೆ, ಮೋಟಾರು ನಿನ್ನ ಅಂಗಡಿಯ ಬಾಗಿಲಿಗೆ ಬರುತ್ತದೆ. ರೇಡಿಯೋ ಕೇಳುವ ತಂತಿಯಲ್ಲಿ ಹರಿಯುವುದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಪಾಲು, ಬಹಳ ಸಲ ಅದಕ್ಕಿಂತಲೂ ಕಡಿಮೆ. ಅಲ್ಲಿ ಬಿಸಿಯಾಗುವ ಮಾತೇ ಇಲ್ಲ. ಇನ್ನು ದಾರಿಯಲ್ಲಾಗುವ ಸೋರಿಕೆಯ ವಿಷಯಕ್ಕೆ ಬಂದರೆ, ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ನೋಡು. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಹುಟ್ಟಿದ ಐದು ಸಂಘಗಳಲ್ಲಿ ಅದೂ ಒಂದು. ಒಂದೊಂದು ಯೂನಿಟ್ಟೂ ಲೆಕ್ಕಕ್ಕೆ ಬರುವಂಥ ಸಂಸಾರ ಅದು. ಅಂಥವರ ಕಂಬಗಳ ಮೇಲಾಗಲಿ, ಪಕ್ಕದ ಗೋಕಾಕದ ಕಂಬಗಳ ಮೇಲಾಗಲಿ, 11 ಕೆವಿ ಲೈನಿನಲ್ಲಿ ಓಡುವ ತಂತಿ ಯಾವುದು?

— ಅಲ್ಯುಮಿನಿಯಂ. ನಟ್ಟನಡುವ ಉಕ್ಕಿನ ಎಳಿ. ರ‍್ಯಾಬಿಟ್, ವೀಸೆಲ್ ಅಂತ ಹೆಸರು ಹೇಳ್ತಾರ್ರಿ ಲೈನ್‌ಮನ್‌ಗಳು. ಖರೆ ಐತಿ, ತಾಮ್ರ ಅಲ್ಲ. ಆದ್ರ ಅಲ್ಲಿ ಕರೆಂಟು ರಗಡ ಇರ್ತೈತಿ, ಒಂದಿಷ್ಟು ಸೋರಿದ್ರ ನಡೀತೈತಿ. ರೇಡಿಯೋದಾಗ ಮೊದಲ ಬರೂದ ಚೂರು. ಅದ್ರಾಗೂ ಸೋರಿದ್ರ ಉಳಿಯೂದೇನು?

— ಇದು ಸರಿಯಾದ ತಕರಾರು, ಉತ್ತರ ಕೊಡಲೇಬೇಕು. ಮೊದಲು ಎಷ್ಟು ಸೋರುತ್ತದೆ ಅನ್ನುವುದನ್ನು ಲೆಕ್ಕ ಹಾಕೋಣ. 31 ಮೀಟರ್ ಬ್ಯಾಂಡಿನ ಮಗ್ಗುಲಿಗಿರುವ 10 ಮೆಗಾಹರ್ಟ್ಸ್ ಹಿಡಿ. ಅಲ್ಲಿ ಅಲೆಯ ಉದ್ದ 30 ಮೀಟರ್, ಅರ್ಧ ಅಲೆಗೆ 15 ಮೀಟರ್ ತಂತಿ. 22 ಗೇಜಿನ ತಾಮ್ರವನ್ನು ಅಷ್ಟುದ್ದ ಕತ್ತರಿಸಿ ಮಲ್ಟಿಮೀಟರ್ ಹಚ್ಚಿದರೆ ಒಂದು ಓಮ್ ಕೂಡ ತೋರಿಸದು. ಆದರೆ ಇಷ್ಟು ವೇಗದ ಕಂಪನದಲ್ಲಿ ಕರೆಂಟು ತಂತಿಯ ಒಡಲಿಗೆ ಇಳಿಯುವುದೇ ಇಲ್ಲ, ಮೇಲ್ಮೈಯಲ್ಲೇ ಓಡುತ್ತದೆ. ತಾಮ್ರದಲ್ಲಿ ಆ ಪದರದ ದಪ್ಪ ಮಿಲಿಮೀಟರಿನ ಐವತ್ತರಲ್ಲೊಂದು ಪಾಲು. ಒಳಗಿನ ತಾಮ್ರವೆಲ್ಲ ಬರೀ ತೂಕ. ಹೀಗಾಗಿ ಅದೇ ತಂತಿಯ ರೋಧ ಐದೂವರೆ ಓಮಿನ ಸುಮಾರಿಗೆ ಏರುತ್ತದೆ, ಅಲ್ಯುಮಿನಿಯಂ ಆದರೆ ಏಳಕ್ಕೆ. ಮಲ್ಟಿಮೀಟರಿನ ಮುಂದೆ ತಾಮ್ರದ ಶೇಕಡಾ 61ರಷ್ಟೇ ವಾಹಕತೆ ತೋರಿಸುವ ಅಲ್ಯುಮಿನಿಯಂ ಇಲ್ಲಿ ತಾಮ್ರಕ್ಕೆ ಇನ್ನೂ ಹತ್ತಿರ ಬಂದು ನಿಂತಿತು. ಅರ್ಧ ಅಲೆಯ ತಂತಿ ಆಕಾಶದಿಂದ ಹಿಡಿದದ್ದನ್ನು ನಡುವೆ ಕತ್ತರಿಸಿದ ಜಾಗದಲ್ಲಿ ಸುಮಾರು 73 ಓಮಿನ ಮೂಲದಂತೆ ಒಪ್ಪಿಸುತ್ತದೆ. ಕರೆಂಟು ತುದಿಗಳಲ್ಲಿ ಸೊನ್ನೆ, ನಡುವೆ ಹೆಚ್ಚು. ಹಾಗಾಗಿ ತಂತಿಯ ರೋಧದಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ. ಗುಣಿಸಿ ಭಾಗಿಸಿದರೆ ತಾಮ್ರದಲ್ಲಿ ಹೋಗುವುದು ನೂರಕ್ಕೆ ನಾಲ್ಕರೊಳಗೆ, ಅಲ್ಯುಮಿನಿಯಂನಲ್ಲಿ ಐದರೊಳಗೆ. ನೂರಕ್ಕೆ ಒಂದರ ಈ ಅಂತರವನ್ನು ಕೇಳಬಲ್ಲ ಕಿವಿ ಇಲ್ಲ. ಬರೀ ಕಬ್ಬಿಣದ ಬೈಂಡಿಂಗ್ ವೈರಿನ ಕತೆ ಮಾತ್ರ ಬೇರೆ. ಅಯಸ್ಕಾಂತಕ್ಕೆ ಹತ್ತುವ ಲೋಹವಾದ್ದರಿಂದ ಕರೆಂಟು ಇನ್ನೂ ತೆಳುವಾದ ಪದರಕ್ಕೆ ಸರಿಯುತ್ತದೆ, ರೋಧ ನೂರು ಓಮ್ ದಾಟಬಹುದು. ಹಿಡಿದ ಶಕ್ತಿಯಲ್ಲಿ ಅರ್ಧದಷ್ಟು ತಂತಿಯೊಳಗೇ ಕರಗಬಹುದು.

— ಅರ್ಧಾ ಹೋಯ್ತಲ್ರಿ ಮತ್ತ! ನನ್ನ ಮಾತ ಖರೆ ಆತು.

— ಅರ್ಧ ಹೋಯಿತು, ಆದರೆ ಯಾವುದರ ಅರ್ಧ? ಇಡೀ ವಿಚಾರ ನಿಂತಿರುವುದು ಇಲ್ಲಿ. ತಂತಿ ಬಿಬಿಸಿಯನ್ನೋ ಬೆಂಗಳೂರನ್ನೋ ಆರಿಸಿ ಹಿಡಿಯುವುದಿಲ್ಲ. ಎಲ್ಲೋ ದೂರದ ಸಿಡಿಲಿನ ಖರಖರ, ಊರೊಳಗಿನ ಯಂತ್ರಗಳ ಗುಂಯ್‌ಗುಡುವಿಕೆ ಎಲ್ಲವೂ ಅದೇ ತಂತಿಯಿಂದ ಇಳಿಯುತ್ತವೆ. ಈ ಗದ್ದಲಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮಾದರಿ ಅಂಕಿಗಳನ್ನು ಕೊಟ್ಟಿದೆ. ಶಾಖದಿಂದ ತಾನಾಗಿ ಹುಟ್ಟುವ ಒಂದು ಕನಿಷ್ಠ ಗದ್ದಲವಿದೆ, ಅದನ್ನು ಯಾರೂ ತಪ್ಪಿಸಲಾರರು. 10 ಮೆಗಾಹರ್ಟ್ಸ್‌ನಲ್ಲಿ ಹಳ್ಳಿಗಾಡಿನಲ್ಲಿ ಮನುಷ್ಯರು ಮಾಡುವ ಗದ್ದಲ ಆ ಕನಿಷ್ಠಕ್ಕಿಂತ ಸುಮಾರು 40 ಡೆಸಿಬೆಲ್ ಮೇಲಿರುತ್ತದೆ, ಅಂದರೆ ಒಂಬತ್ತು ಸಾವಿರ ಪಟ್ಟಿನ ಆಸುಪಾಸು. ಮನೆಗಳು ಒತ್ತೊತ್ತಾಗಿರುವ ಕಡೆ 45, ಪೇಟೆಯ ನಡುವೆ 49. ಸಾಧಾರಣ ರೇಡಿಯೋ ಸೆಟ್ಟು ತನ್ನೊಳಗೇ ಹುಟ್ಟಿಸಿಕೊಳ್ಳುವ ಗದ್ದಲವನ್ನು ಧಾರಾಳವಾಗಿ ಕನಿಷ್ಠದ ನೂರು ಪಟ್ಟು ಅಂತಿಟ್ಟುಕೋ. ಈಗ ಕಬ್ಬಿಣದ ತಂತಿ ಅರ್ಧ ನುಂಗಿತು. ಸ್ಟೇಷನ್ನೂ ಅರ್ಧವಾಯಿತು, ಗದ್ದಲವೂ ಒಂಬತ್ತು ಸಾವಿರದಿಂದ ನಾಲ್ಕೂವರೆ ಸಾವಿರಕ್ಕೆ ಇಳಿಯಿತು. ಸೆಟ್ಟಿನ ಸ್ವಂತದ ನೂರು ಅದರ ಕೆಳಗೆ ಹೂತೇ ಉಳಿಯಿತು. ಹೊಟ್ಟು ಬೆರೆತ ಜೋಳದ ರಾಶಿಯಿಂದ ಚೀಲ ತುಂಬಿಕೊಂಡರೂ ಒಂದು ಸೇರು ಅಳೆದುಕೊಂಡರೂ ಕಾಳಿಗೂ ಹೊಟ್ಟಿಗೂ ಇರುವ ಪ್ರಮಾಣ ಅದೇ ತಾನೆ? ದೊಡ್ಡ ಚೀಲ ತಂದೆನೆಂದು ಕಾಳು ಹಸನಾಗುವುದಿಲ್ಲ. 21 ಮೆಗಾಹರ್ಟ್ಸ್‌ನಂಥ ಮೇಲಿನ ಬ್ಯಾಂಡಿಗೆ ಹೋದರೆ ಗದ್ದಲ ತಗ್ಗುತ್ತದೆ ನಿಜ, ಆದರೂ ಹಳ್ಳಿಯಲ್ಲಿ ಅದು ಕನಿಷ್ಠದ ಸಾವಿರ ಪಟ್ಟಿನಷ್ಟು ಇದ್ದೇ ಇರುತ್ತದೆ. ಪರೀಕ್ಷೆ ಬೇಕಿದ್ದರೆ ಕಾಸು ಖರ್ಚಿಲ್ಲದ್ದೊಂದಿದೆ. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ ತಂತಿಯನ್ನು ಕೀಳು, ಮತ್ತೆ ಸಿಕ್ಕಿಸು. ಸಿಕ್ಕಿಸಿದ ಕೂಡಲೇ ಸರಸರ ಸದ್ದು ಎದ್ದು ಏರಿದರೆ, ಸೆಟ್ಟು ಹೊರಗಿನ ಗದ್ದಲವನ್ನು ಕೇಳುತ್ತಿದೆ ಎಂದರ್ಥ. ಆಮೇಲೆ ತಂತಿಗೆ ಬಂಗಾರದ ಲೇಪ ಕೊಟ್ಟರೂ ಕೇಳಿಕೆ ಸುಧಾರಿಸದು.

ಇನ್ನೊಂದು ಸಾಕ್ಷಿ ಹೇಳುತ್ತೇನೆ. ಅಮೆರಿಕದ ಹೆರಾಲ್ಡ್ ಬೆವರೇಜ್ ಎಂಬ ಇಂಜಿನಿಯರ್ 1921ರಲ್ಲಿ ಪೇಟೆಂಟ್ ಪಡೆದ ಏರಿಯಲ್ ಒಂದಿದೆ, ಇವತ್ತಿಗೂ ಅವನ ಹೆಸರಿನಲ್ಲೇ ಬಳಕೆಯಲ್ಲಿದೆ. ನೂರಾರು ಮೀಟರ್ ಉದ್ದದ ತಂತಿಯನ್ನು ನೆಲದಿಂದ ಆಳೆತ್ತರದಲ್ಲಿ ಎಳೆದುಕೊಂಡು ಹೋಗುವುದು, ಅಷ್ಟೇ. ಹಿಡಿಯುವ ಶಕ್ತಿಯ ಲೆಕ್ಕದಲ್ಲಿ ಅದು ಬಡಪಾಯಿ. ಹಿಡಿದದ್ದರಲ್ಲಿ ಬಹುಪಾಲು ನೆಲದಲ್ಲೇ ಕಳೆದುಹೋಗುತ್ತದೆ, ಪ್ರಸಾರ ಮಾಡಲು ಅದನ್ನು ಯಾರೂ ಮುಟ್ಟುವುದಿಲ್ಲ. ಆದರೆ ಒಂದೇ ದಿಕ್ಕಿಗೆ ಕಿವಿಗೊಟ್ಟು ಉಳಿದ ದಿಕ್ಕಿನ ಗದ್ದಲವನ್ನು ಬಿಟ್ಟುಬಿಡುತ್ತದೆ. ಅಷ್ಟರಿಂದಲೇ ದೂರದ ಸ್ಟೇಷನ್ ಕೇಳುವವರು ನೂರು ವರ್ಷದಿಂದ ಅದನ್ನು ಹೊಗಳುತ್ತ ಬಂದಿದ್ದಾರೆ. ಕೇಳುವುದರಲ್ಲಿ ಬೆಲೆ ಇರುವುದು ಶಕ್ತಿಗಲ್ಲ, ಗದ್ದಲಕ್ಕೂ ಮಾತಿಗೂ ಇರುವ ಅಂತರಕ್ಕೆ.

— ಆ ಗದ್ದಲದ ಅಂಕಿ ಪರದೇಶದಾಗ ಅಳದದ್ದು ಇರ್ಬೇಕಲ್ರಿ. ನಮ್ಮ ಹೊಲದಾಗ ಅಂಥಾ ಗದ್ದಲ ಎಲ್ಲಿಂದ ಬರ್ಬೇಕು? ಮತ್ತ ಹಿರ್ಯಾರು ಪಡಸಾಲ್ಯಾಗ ಈ ಗ್ವಾಡಿಯಿಂದ ಆ ಗ್ವಾಡಿಗಿ ತಾಮ್ರದ ಜಾಳಗಿ ಪಟ್ಟಿ ಕಟ್ಟಿ ರೇಡಿಯೋ ಸಿಲೋನ್ ಕೇಳ್ತಿದ್ರು. ಅದು ತಾಮ್ರದ್ದ ಇತ್ತು, ಚಂದನೂ ಕೇಳ್ತಿತ್ತು. ಇದಕ್ಕೇನಂತೀರಿ?

— ಅಳೆದದ್ದು ಅಮೆರಿಕದಲ್ಲಿ, ಅದೂ ದಶಕಗಳ ಹಿಂದೆ. ಅದರಿಂದ ನನ್ನ ವಾದ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ಆಗ ಎಲ್‌ಇಡಿ ಬಲ್ಬಿನೊಳಗಿನ ಡ್ರೈವರ್ ಇರಲಿಲ್ಲ, ಮೊಬೈಲ್ ಚಾರ್ಜರ್ ಇರಲಿಲ್ಲ, ಇನ್ವರ್ಟರ್ ಇರಲಿಲ್ಲ, ಸೋಲಾರ್ ಪಂಪಿನ ಕಂಟ್ರೋಲರ್ ಇರಲಿಲ್ಲ. ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುವ ಉಪಕರಣಗಳು. ಆ ಕಡಿತದ ಚೂರುಗಳೇ ಶಾರ್ಟ್‌ವೇವ್‌ನ ತುಂಬ ಖರಖರವಾಗಿ ಹರಡುತ್ತವೆ. ಜಾಳಿಗೆ ಪಟ್ಟಿಯ ಕಾಲ ಬೇರೆ. ಸಿಲೋನಿನ ಬಿನಾಕಾ ಗೀತಮಾಲಾ 1952ರಲ್ಲಿ ಶುರುವಾದಾಗ ನಮ್ಮ ಕಡೆಯ ಮನೆಯಲ್ಲಿ ಕರೆಂಟು ಇದ್ದರೆ ಎರಡು ಬಲ್ಬು, ಇಲ್ಲದಿದ್ದರೆ ಕಂದೀಲು. ಗದ್ದಲವೇ ಇಲ್ಲದ ಮನೆಯೊಳಗೆ ಎಂಥ ಪಟ್ಟಿ ಕಟ್ಟಿದ್ದರೂ ಸಿಲೋನ್ ಕೇಳುತ್ತಿತ್ತು. ಕೀರ್ತಿ ಮಾತ್ರ ತಾಮ್ರಕ್ಕೆ ಹೋಯಿತು. ಇವತ್ತು ಅದೇ ಪಟ್ಟಿಯನ್ನು ಅದೇ ಪಡಸಾಲೆಯಲ್ಲಿ ಕಟ್ಟಿದರೆ ಮೊದಲು ಕೇಳುವುದು ಟ್ಯೂಬಿನ ಗುಂಯ್. ಬ್ಯಾಟರಿ ಸೆಟ್ಟು ಇಟ್ಟುಕೊಂಡವರಿಗೆ ಇದು ಗೊತ್ತು. ಓಣಿಯ ಕರೆಂಟು ಹೋದ ಕ್ಷಣ, ಅದುವರೆಗೆ ಇಲ್ಲದ ಸ್ಟೇಷನ್ನುಗಳು ಮುಳ್ಳಿನ ಕೆಳಗೆ ಎದ್ದು ಬರುತ್ತವೆ. ತಂತಿ ಅದೇ, ಲೋಹ ಅದೇ.

ಸ್ಟೇಷನ್ನುಗಳ ಕಡೆಯೂ ಕಾಲ ಬದಲಾಗಿದೆ. ಬಿಬಿಸಿಯ ಹಿಂದಿ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಗೆ ಮುಗಿಯಿತು. 1994ರಲ್ಲಿ ಬೆಂಗಳೂರಿನಲ್ಲಿ ತಲಾ 500 ಕಿಲೋವ್ಯಾಟಿನ ಪ್ರೇಷಕಗಳನ್ನು ಆಕಾಶವಾಣಿ ಹೂಡಿದ್ದು ಮುಖ್ಯವಾಗಿ ಹೊರದೇಶದ ಕೇಳುಗರಿಗಾಗಿ. ಇಂದು ಉಳಿದಿರುವ ಶಾರ್ಟ್‌ವೇವ್‌ನಲ್ಲಿ ಬಹಳಷ್ಟು ಬೇರೆ ಯಾರಿಗೋ ಗುರಿಯಿಟ್ಟದ್ದು, ನಮ್ಮ ಪಾಲಿಗೆ ಬರುವುದು ಪಕ್ಕಕ್ಕೆ ಚೆಲ್ಲಿದ್ದು. ಮಾತು ಸಣ್ಣದಾಗಿ, ಗದ್ದಲ ದೊಡ್ಡದಾದಾಗ ದುಡ್ಡನ್ನು ಎಲ್ಲಿ ಸುರಿಯಬೇಕು? ಪೇಟೆಗೂ ಹಳ್ಳಿಗೂ ಗದ್ದಲದಲ್ಲಿ ಒಂಬತ್ತು ಪಟ್ಟು ವ್ಯತ್ಯಾಸವಿದೆ. ತಾಮ್ರಕ್ಕೂ ಅಲ್ಯುಮಿನಿಯಂಗೂ ನೂರಕ್ಕೆ ಒಂದು. ಮನೆಯ ಉಪಕರಣಗಳ ಗದ್ದಲ ಮೂಲದ ಹತ್ತಿರದ ಕೆಲವು ಮೀಟರಿನಲ್ಲೇ ಬಹಳ ಬೇಗ ಇಳಿಯುತ್ತದೆ. ದೂರದ ಸ್ಟೇಷನ್ ಮಾತ್ರ ಪಡಸಾಲೆಯ ಹೊರಗೂ ಹಿತ್ತಲ ಕೊನೆಗೂ ಒಂದೇ ಬಲದಲ್ಲಿ ಬೀಳುತ್ತದೆ. ಅದಕ್ಕೇ ನಾನು ಅನ್ನುವುದು, ತಂತಿಯ ಜಾತಿಗೆ ಕೊಡುವ ರೂಪಾಯಿಯನ್ನು ತಂತಿಯ ಜಾಗಕ್ಕೆ ಕೊಡು. ಗೋಕಾಕದ ಪೇಟೆ ಓಣಿಯಲ್ಲಿ ಮಾಳಿಗೆಯ ಮೇಲೆ ಎಷ್ಟಾಗುತ್ತದೋ ಅಷ್ಟು, ಮೂಡಲಗಿ ಕಡೆಯ ತೋಟದ ಮನೆಯಾದರೆ ಬಾವಿಯ ಸ್ಟಾರ್ಟರ್ ಇರುವ ಮಗ್ಗುಲು ಬಿಟ್ಟು ಎದುರು ಮಗ್ಗುಲಿಗೆ.

— ಹಂಗಾರ ಬೈಂಡಿಂಗ್ ವೈರ್ ಕಟ್ಟಿ ಕೈ ತೊಳಕೊಳ್ಳೂಣೇನ್ರಿ? ಸೆಂಟ್ರಿಂಗ್ ಮಾಡಾವ್ರ ಕಡೆ ಬೇಕಾದಷ್ಟು ಬಿದ್ದಿರ್ತೈತಿ.

— ಬೇಡ. ಕಾರಣ ಮಾತ್ರ ನೀನು ಅಂದುಕೊಂಡದ್ದಲ್ಲ. ಕಬ್ಬಿಣದ ದೋಷ ಅದರ ರೋಧವಲ್ಲ, ತುಕ್ಕು. ಬೈಂಡಿಂಗ್ ವೈರಿಗೆ ಲೇಪವಿಲ್ಲ, ಒಂದು ಮಳೆಗಾಲಕ್ಕೆ ಕೆಂಪಾಗುತ್ತದೆ. ತಂತಿ ತುಕ್ಕು ಹಿಡಿದರೆ ಚಿಂತೆ ಕಡಿಮೆ, ಗಂಟು ತುಕ್ಕು ಹಿಡಿದರೆ ಕೆಲಸ ಕೆಟ್ಟಿತು. ಎರಡು ಲೋಹಗಳ ನಡುವೆ ಕುಳಿತ ತುಕ್ಕಿನ ಪದರ ಕಚ್ಚಾ ಡಯೋಡಿನಂತೆ ವರ್ತಿಸುತ್ತದೆ. ಧಾರವಾಡದ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ 200 ಕಿಲೋವ್ಯಾಟಿನ ಮೀಡಿಯಂ ವೇವ್ ಸ್ಟೇಷನ್. ನೆಟ್ಟಗೆ ಅಳೆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಊರುಗಳು ಅದರಿಂದ ನೂರು ಕಿಲೋಮೀಟರಿನ ಒಳಗೇ ಇವೆ. ಅಷ್ಟು ಬಲದ ಸ್ಟೇಷನ್ ತುಕ್ಕು ಗಂಟಿನಲ್ಲಿ ಹಾದರೆ ತನ್ನ ಮರಿಗಳನ್ನು ಶಾರ್ಟ್‌ವೇವ್‌ನ ಅಲ್ಲಲ್ಲಿ ಹಾಕಬಲ್ಲದು. ಸತುವಿನ ಲೇಪವಿರುವ ಜಿಐ ತಂತಿ ಇದಕ್ಕಿಂತ ಎಷ್ಟೋ ಮೇಲು. 10 ಮೆಗಾಹರ್ಟ್ಸ್‌ನ ಕರೆಂಟು ಸತುವಿನಲ್ಲಿ ಇಳಿಯುವ ಆಳ ಮಿಲಿಮೀಟರಿನ ಇಪ್ಪತ್ತೈದರಲ್ಲೊಂದು ಪಾಲು, ಒಳ್ಳೆಯ ಲೇಪದ ದಪ್ಪವೂ ಸುಮಾರು ಅಷ್ಟೇ. ಸತು ಉಳಿದಿರುವವರೆಗೆ ಒಳಗಿನ ಕಬ್ಬಿಣದ ಸುದ್ದಿ ಕರೆಂಟಿಗೆ ಹೆಚ್ಚು ಮುಟ್ಟುವುದಿಲ್ಲ. ಆದರೆ ಅದು ಮಣಿಯದ ತಂತಿ, ಒಮ್ಮೆ ಮಡಚಿದರೆ ಆ ಮಡಿಕೆಯಲ್ಲೇ ಲೇಪ ಬಿರಿಯುತ್ತದೆ. ಅಲ್ಯುಮಿನಿಯಂ ಹಗುರ, ವಾಹಕತೆಗೂ ಕೊರತೆಯಿಲ್ಲ. ಅದರ ಕಷ್ಟವೂ ಗಂಟಿನಲ್ಲೇ. ನಿನ್ನ ಸಾಲ್ಡರ್ ಅದಕ್ಕೆ ಹತ್ತುವುದಿಲ್ಲ, ತಾಮ್ರದೊಂದಿಗೆ ಹೊಸೆದರೆ ತೇವದಲ್ಲಿ ಬಿಳಿ ಹುಡಿಯಾಗುತ್ತದೆ.

ಇನ್ನು ನಿನ್ನ ಅಂಗಡಿಯ ಇನಾಮೆಲ್ ವೈಂಡಿಂಗ್ ವೈರು. 22 ಗೇಜಿನದು 15 ಮೀಟರಿಗೆ ಬರೀ ಐವತ್ತು ಗ್ರಾಂ ಚಿಲ್ಲರೆ, ದೂರದಿಂದ ಕಣ್ಣಿಗೂ ಬೀಳುವುದಿಲ್ಲ. ಹೊಲದಲ್ಲಿ ಪಂಪಿನ ಕೇಬಲ್ಲನ್ನೇ ಬಿಡದ ಕಳ್ಳರಿರುವಾಗ ಅದೂ ಒಂದು ಗುಣ. ಆದರೆ ಸುತ್ತುವ ಸಲುವಾಗಿಯೇ ಮೆತ್ತಗೆ ಮಾಡಿದ ತಾಮ್ರ ಅದು. ಎಂಟೊಂಬತ್ತು ಕಿಲೋ ಭಾರಕ್ಕೆ ಹರಿಯುತ್ತದೆ, ಹರಿಯುವ ಮುಂಚೆ ಜಗ್ಗಿ ಜಗ್ಗಿ ಸಣ್ಣಗಾಗುತ್ತದೆ. ಹುಕ್ಕೇರಿ ಕಡೆ ಆಷಾಢದ ಗಾಳಿಗೆ ಮರ ತೂಗುವಾಗ ಅದಕ್ಕೆ ಕಟ್ಟಿದ ಈ ತಂತಿ ಬಹಳ ದಿನ ನಿಲ್ಲದು. ಎರಡು ಗೋಡೆಗಳ ನಡುವೆ, ತೂಗಾಡುವುದು ಏನೂ ಇಲ್ಲದ ಕಡೆ, ಚೆನ್ನಾಗಿಯೇ ಬಾಳುತ್ತದೆ. ಮರಕ್ಕೆ ಕಟ್ಟುವುದಾದರೆ ನಾನು ಕೇಳುವುದು ಮನೆ ವೈರಿಂಗಿಗೆ ಬಳಸುವ, ಪಿವಿಸಿ ಹೊದಿಕೆಯ, ಒಂದು ಸ್ಕ್ವೇರ್ ಎಂಎಂನ ಸಿಂಗಲ್ ಫ್ಲೆಕ್ಸಿಬಲ್ ವೈರ್. ಎಳೆಗಳು ಹಲವು, ಹಾಗಾಗಿ ಬಾಗಿ ಬಾಗಿ ಮುರಿಯುವುದಿಲ್ಲ. ಇಪ್ಪತ್ತು ಕಿಲೋ ಸುಮಾರು ತಾಳುತ್ತದೆ, ಗಂಟು ಹಾಕಿದರೆ ನಿಲ್ಲುತ್ತದೆ, ಬೆಸುಗೆ ಹತ್ತುತ್ತದೆ, ಮೂರೂ ಊರಿನ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

— ಕಡೀಕ ತಾಮ್ರಾನ ಆತಲ್ರಿ ಮಾಸ್ತರ! ಇಷ್ಟ್ ಸುತ್ತಿ ನನ್ನ ಅಂಗಡಿಗೇ ಬಂದ್ರಿ.

— ಬಂದೆ, ಆದರೆ ನೀನು ಬಂದ ದಾರಿಯಿಂದಲ್ಲ. ದಾರಿ ಬೇರೆಯಾದರೆ ಕೊಳ್ಳುವ ಸಾಮಾನೂ ಬೇರೆಯಾಗುತ್ತದೆ. ತಾಮ್ರದ ವಾಹಕತೆಯನ್ನು ನಂಬಿದವನು ನಾಲ್ಕು ಸ್ಕ್ವೇರ್ ಎಂಎಂ ಕೊಡು ಅನ್ನುತ್ತಾನೆ, ಶುದ್ಧ ತಾಮ್ರವೇ ಎಂದು ಕೆರೆದು ನೋಡುತ್ತಾನೆ, ದುಡ್ಡೆಲ್ಲ ಅಲ್ಲೇ ಮುಗಿಸಿ ತಂತಿಯನ್ನು ಕಿಟಕಿಯ ಪಕ್ಕದ ಮೀಟರ್ ಬೋರ್ಡಿನ ಮೇಲೆಯೇ ಕಟ್ಟುತ್ತಾನೆ. ನಾನು ನೋಡುವುದು ಗಂಟು ಕೆಡದಿರಲಿ, ಗಾಳಿಗೆ ಹರಿಯದಿರಲಿ ಅನ್ನುವುದನ್ನು. ತಾಮ್ರ ಸಿಗದ ದಿನ ಬೇಲಿಯ ಜಿಐ ತಂತಿಯಲ್ಲೂ ನಿಶ್ಚಿಂತೆಯಿಂದ ಕೇಳುತ್ತೇನೆ.

— ಪಿವಿಸಿ ಹೊದಿಕಿ ಇದ್ರ ಅಲೆ ಒಳಗ ಹೆಂಗ ಹೊಕ್ಕೈತ್ರಿ? ಮ್ಯಾಲಿನ ಪ್ಲಾಸ್ಟಿಕ್ ಸುಲೀಬೇಕಲ್ಲ?

— ಗೋಡೆ ದಾಟಿ ಬರುವ ಅಲೆಗೆ ಒಂದು ಮಿಲಿಮೀಟರ್ ಪ್ಲಾಸ್ಟಿಕ್ಕು ಯಾವ ಲೆಕ್ಕ? ಹೊದಿಕೆಯಿಂದ ತಂತಿಯ ಮೇಲೆ ಅಲೆ ಓಡುವ ವೇಗ ನೂರಕ್ಕೆ ಕೆಲವು ಪಾಲು ತಗ್ಗುತ್ತದೆ. ಪ್ರಸಾರ ಮಾಡುವವನು ಅದಕ್ಕೆ ತಕ್ಕಂತೆ ತಂತಿ ಕತ್ತರಿಸಬೇಕು, ಕೇಳುವವನಿಗೆ ಅದು ಬೇಡದ ಲೆಕ್ಕ. ಸುಲಿಯಬೇಡ. ಹೊದಿಕೆ ಇದ್ದರೆ ಹಸಿ ಕೊಂಬೆ ತಾಗಿದರೂ ತೊಂದರೆಯಿಲ್ಲ, ತಾಮ್ರ ಹಸಿರುಗಟ್ಟುವುದಿಲ್ಲ. ಉದ್ದವೂ ಹದಿನೈದು, ಇಪ್ಪತ್ತು ಮೀಟರ್ ಸಾಕು. ಅದಕ್ಕಿಂತ ಉದ್ದ ಮಾಡಿದರೆ ಸಣ್ಣ ಸೆಟ್ಟುಗಳು ಧಾರವಾಡದ ಬಲಕ್ಕೇ ತಬ್ಬಿಬ್ಬಾಗುತ್ತವೆ.

ಖರ್ಚು ಮಾಡಲೇಬೇಕಾದದ್ದು ತಂತಿಯಿಂದ ಸೆಟ್ಟಿನವರೆಗಿನ ದಾರಿಗೆ. ಬಯಲಿನಲ್ಲಿ ಚೆನ್ನಾಗಿ ಕಟ್ಟಿದ ಏರಿಯಲ್ಲಿನಿಂದ ಬರೀ ತಂತಿಯನ್ನೇ ಮನೆಯೊಳಗೆ ಎಳೆದರೆ, ಆ ಕೊನೆಯ ಐದು ಮೀಟರ್ ಮನೆಯ ಗದ್ದಲವನ್ನೆಲ್ಲ ಬಾಚಿಕೊಂಡು ಬರುತ್ತದೆ. ಅಲ್ಲಿ ಡಿಶ್ಶಿಗೆ ಹಾಕುವ ಆರ್‌ಜಿ 6 ಕೇಬಲ್ ಎಳೆ. ಅದರ ನಡುವಿನ ತಂತಿಗೆ ನಿನ್ನ ಅಂಗಡಿಯ ಅಯಸ್ಕಾಂತ ಹಿಡಿದು ನೋಡು, ಬಹಳಷ್ಟಕ್ಕೆ ಕಚ್ಚಿಕೊಳ್ಳುತ್ತದೆ. ಒಳಗೆ ಉಕ್ಕು, ಮೇಲೆ ತಾಮ್ರದ ತೆಳು ಲೇಪ. ಮನೆ ಮನೆಗೆ ಟೀವಿ ತಂದ ತಂತಿಯೇ ಅಪ್ಪಟ ತಾಮ್ರದ್ದಲ್ಲ. ಏರಿಯಲ್ಲಿನ ತುದಿಗೂ ಕೇಬಲ್ಲಿಗೂ ನಡುವೆ ಫೆರೈಟ್ ಉಂಗುರದ ಮೇಲೆ ಸುತ್ತಿದ ಸಣ್ಣ ಟ್ರಾನ್ಸ್‌ಫಾರ್ಮರ್ ಬೇಕು, ಸುತ್ತುಗಳು ಮೂರಕ್ಕೆ ಒಂದರಂತೆ. ನಿನಗೆ ಅದು ಕೈಯಾಟ, ವೈಂಡಿಂಗ್ ವೈರಿನ ತುಂಡು ಅಲ್ಲಿ ಬಳಸು. ಕೇಬಲ್ಲಿನ ಜಾಳಿಗೆಗೆ ಅಲ್ಲೇ, ಮನೆಯಿಂದ ದೂರದಲ್ಲಿ, ಒಂದು ಅರ್ಥಿಂಗ್ ಸರಳು ಹೂಳು. ನಮ್ಮ ಎರೆನೆಲ ಬೇಸಿಗೆಯಲ್ಲಿ ಬಿರಿದು ಸರಳಿನಿಂದ ಬಿಟ್ಟುಕೊಳ್ಳುತ್ತದೆ, ಆಗೀಗ ನೀರು ಹಾಕಬೇಕು. ಗುಡುಗು ಶುರುವಾದರೆ ಕೇಬಲ್ ಕಿತ್ತು ಮನೆಯ ಹೊರಗೆ ಬಿಡಬೇಕು. ಅದರಲ್ಲಿ ವಾದಕ್ಕೆ ಜಾಗವಿಲ್ಲ.

— ಒಂದ ತೊಂದ್ರಿ ಐತ್ರಿ. ಹೊಲದಾಗ ಒಳ್ಳೆ ಎತ್ತರದ ಮರ ಇರೂದು ಲೈನ್ ಹಾದಿರೂ ಮಗ್ಗಲಕ. 11 ಕೆವಿ. ಅದ್ರ ಕೆಳಗ ದಾಟಿಸಿದ್ರ ನೆಟ್ಟಗ ಆಕ್ಕೈತಿ, ಕೇಬಲ್ಲೂ ಉಳೀತೈತಿ.

— ದಾಟಿಸಬೇಡ. ಕೆಳಗೂ ಬೇಡ, ಮೇಲೂ ಬೇಡ, ಮಗ್ಗುಲಿಗೂ ಬೇಡ. ನಿನ್ನ ತಂತಿ ಹರಿದು ಹಾರಿದರೂ ಲೈನಿಗೆ ಮುಟ್ಟಬಾರದು, ಲೈನು ಹರಿದು ಬಿದ್ದರೂ ನಿನ್ನ ತಂತಿಗೆ ಮುಟ್ಟಬಾರದು, ಅಷ್ಟು ದೂರ ಇರಬೇಕು. ಪಿವಿಸಿ ಹೊದಿಕೆ 11 ಸಾವಿರ ವೋಲ್ಟಿಗೆ ತಡೆಯೇ ಅಲ್ಲ. ಸಾಲದ್ದಕ್ಕೆ ಆ ಲೈನಿನ ಇನ್ಸುಲೇಟರುಗಳ ಕಿಡಿಯೇ ಖರಖರದ ತವರು. ಎತ್ತರದ ಮರ ಬಿಡು, ಆಚೆಯ ಗಿಡ್ಡ ಮರವೇ ಸಾಕು. ಕೇಬಲ್ ಹೆಚ್ಚಾಗುತ್ತದೆ ಅನ್ನುತ್ತೀಯಲ್ಲ, 10 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ 6 ಮೂವತ್ತು ಮೀಟರಿಗೆ ಒಂದು ಡೆಸಿಬೆಲ್ ಕೂಡ ನುಂಗುವುದಿಲ್ಲ. ನುಂಗಿದರೂ ಏರಿಯಲ್ಲು ತಂದ ಮಾತನ್ನೂ ಗದ್ದಲವನ್ನೂ ಸಮನಾಗಿ ನುಂಗುತ್ತದೆ. ಫ್ಲೆಕ್ಸಿಬಲ್ ವೈರ್ ಇಪ್ಪತ್ತು ಮೀಟರ್ ಕಡಿ, ತುದಿಗೆ ಕಟ್ಟಲು ನೈಲಾನ್ ಹಗ್ಗ ಕೊಡು, ಆರ್‌ಜಿ 6 ನಲವತ್ತು ಮೀಟರ್ ಇರಲಿ.